ಬಸುರಿಯ ಒಪಿಯಾಯ್ಡ್ ಚಟಕ್ಕೂ ಅವಳಿರುವ ಊರಿಗೂ ಏನು ಸಂಬಂಧ?

ಅರೆಬೆಂದ ಸಂಶೋಧಕಿ

ಎಲ್ಲರಿಗೂ ನಮಸ್ಕಾರ. ಸಾರ್ವಜನಿಕ ಆರೋಗ್ಯ ಓದುತ್ತಿದ್ದೇನೆ. ಒಂದು ಪ್ರಬಂಧ ಬರೆಯಬೇಕಿದೆ. ಅದಕ್ಕಾಗಿ ಓದುತ್ತಾ ಕೂತಾಗ ಸಿಕ್ಕ ಎರಡು ಅಂಕಿ ತಲೆಯಿಂದ ಹೋಗುತ್ತಲೇ ಇಲ್ಲ.

ಗೊತ್ತಿಲ್ಲದವರಿಗೆ ಮೊದಲು ಸ್ವಲ್ಪ ಹಿನ್ನೆಲೆ. ಒಪಿಯಾಯ್ಡ್ ಅಂದರೆ ಅಫೀಮಿನ ಜಾತಿಯ, ನೋವು ತಗ್ಗಿಸುವ, ಚಟ ಹಿಡಿಸಬಲ್ಲ ವಸ್ತು. ತಾಯಿ ಬಸುರಿಯಾಗಿದ್ದಾಗ ಅದನ್ನು ತೆಗೆದುಕೊಳ್ಳುತ್ತಿದ್ದರೆ ಹೊಟ್ಟೆಯೊಳಗಿನ ಮಗುವಿಗೂ ಅದು ಹೋಗುತ್ತಿರುತ್ತದೆ. ಮಾರ್ಫಿನ್, ಆಕ್ಸಿಕೋಡೋನ್, ಹೆರಾಯಿನ್, ಫೆಂಟನಿಲ್ ಎಲ್ಲ ಈ ಜಾತಿಯವೇ. ಹುಟ್ಟಿದ ಮೇಲೆ ದಿಢೀರನೆ ನಿಂತುಹೋಗುತ್ತದೆ. ಆಗ ಕೆಲವು ಮಕ್ಕಳು ಒದ್ದಾಡುತ್ತವೆ. ಇದಕ್ಕೆ ನಿಯೋನೇಟಲ್ ಆಬ್‌ಸ್ಟಿನೆನ್ಸ್ ಸಿಂಡ್ರೋಮ್, ಚಿಕ್ಕದಾಗಿ ಎನ್‌ಎಎಸ್ ಅನ್ನುತ್ತಾರೆ. ಅಮೆರಿಕದಲ್ಲಿ 2010ರಲ್ಲಿ 1000 ಹೆರಿಗೆಗೆ ಇಂಥ 4 ಮಕ್ಕಳಿದ್ದರು. 2017ಕ್ಕೆ ಅದು 7.3 ಆಯಿತು.

ಇದು ಸರಾಸರಿ. ತಲೆ ತಿಂದಿದ್ದು ಇದಲ್ಲ. ಅದೇ 2017ರಲ್ಲಿ ನೆಬ್ರಾಸ್ಕಾ ರಾಜ್ಯದಲ್ಲಿ 1.3. ವೆಸ್ಟ್ ವರ್ಜೀನಿಯಾದಲ್ಲಿ 53.5!

ಹೆಚ್ಚುಕಡಿಮೆ 40 ಪಟ್ಟು. ಒಂದೇ ದೇಶ, ಒಂದೇ ಮಾತ್ರೆ. ಒಂದು ರಾಜ್ಯದ ಹೆಂಗಸರ ಮನಸ್ಸು ಇನ್ನೊಂದು ರಾಜ್ಯದವರಿಗಿಂತ 40 ಪಟ್ಟು ದುರ್ಬಲ ಅಂತ ಯಾರೂ ಹೇಳಲಾರರು ಅಲ್ವಾ? ಹಾಗಾದರೆ ಇದರಲ್ಲಿ ಊರಿನ ಪಾತ್ರ ಏನು? ಬಲ್ಲವರು ಹೇಳಿ. ಜಗಳ ಆಡುವವರೂ ಬನ್ನಿ, ಪ್ರಬಂಧಕ್ಕೆ ಒಳ್ಳೆಯದು.

ನೇರಮಾತು

ಕರೆದಿದ್ದೀರಿ, ಬಂದಿದ್ದೇನೆ. ಎಲ್ಲದಕ್ಕೂ ಊರು, ಸಮಾಜ, ಪರಿಸ್ಥಿತಿ ಅಂತ ಶುರು ಮಾಡಿದರೆ ಮನುಷ್ಯನ ಜವಾಬ್ದಾರಿ ಅನ್ನೋದೇ ಉಳಿಯುವುದಿಲ್ಲ. ಅದೇ ಊರಿನಲ್ಲಿ, ಅದೇ ಬೀದಿಯಲ್ಲಿ ಚಟ ಹತ್ತಿಸಿಕೊಳ್ಳದ ನೂರಾರು ಬಸುರಿಯರು ಇರುತ್ತಾರಲ್ಲ. ಅವರಿಗೆ ಅದೇ ಊರು ಏನೂ ಮಾಡಲಿಲ್ಲವೇ? ಹೊಟ್ಟೆಯಲ್ಲಿ ಮಗು ಇದೆ ಅಂತ ಗೊತ್ತಾದ ಮೇಲೂ ಬಿಡದಿದ್ದರೆ ಅದಕ್ಕೆ ಊರನ್ನು ಬೈಯುವುದು ಸುಮ್ನೆ ನೆಪ.

ಕಂಬಳಿಹುಳ

ಪಾಪ್‌ಕಾರ್ನ್ ತಂದಿದ್ದೇನೆ, ಶುರು ಮಾಡಿ.

ರಾತ್ರಿಪಾಳಿ

ನಾನು ಒಂಬತ್ತು ವರ್ಷ ನವಜಾತ ಶಿಶುಗಳ ಐಸಿಯುನಲ್ಲಿ ನರ್ಸ್ ಆಗಿದ್ದೆ, ಅಮೆರಿಕದಲ್ಲೇ. ಎಲ್ಲಿ ಅಂತ ಕೇಳಬೇಡಿ. ನೇರಮಾತು ಸರ್, ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೂ ನಿಮ್ಮ ಹಾಗೆಯೇ ಯೋಚಿಸುತ್ತಿದ್ದೆ. ಸುಳ್ಳು ಯಾಕೆ ಹೇಳಲಿ.

ಆ ಮಕ್ಕಳ ಅಳು ಬೇರೆ. ಕೀರಲು, ಚೂಪು. ಕೈಕಾಲು ನಡುಗುತ್ತಿರುತ್ತವೆ. ಮೇಲಿಂದ ಮೇಲೆ ಸೀನು, ಆಕಳಿಕೆ, ಭೇದಿ. ಹಸಿವಿರುತ್ತದೆ, ಆದರೆ ಬಾಯಿಗೆ ಮೊಲೆಯೋ ಬಾಟಲಿಯೋ ಇಟ್ಟರೆ ಸರಿಯಾಗಿ ಚೀಪಲು ಬರುವುದಿಲ್ಲ. ಸಾಮಾನ್ಯವಾಗಿ ಹುಟ್ಟಿದ ಎರಡು ಮೂರು ದಿನದೊಳಗೆ ಶುರು. ನೋಡಿದವರಿಗೆ ಮೊದಲು ಬರುವುದು ತಾಯಿಯ ಮೇಲೆ ಸಿಟ್ಟೇ. ನನಗೂ ಬರುತ್ತಿತ್ತು.

ಒಂದು ಮಗುವಿನ ಕೇಸ್ ಶೀಟಿನಲ್ಲಿ ಒಂದು ಸಾಲು ಇತ್ತು: ‘ತಾಯಿ ನೋಡಲು ಬರುತ್ತಿಲ್ಲ.’ ಅದನ್ನು ಓದಿ ಅವಳ ಬಗ್ಗೆ ಒಂದು ತೀರ್ಮಾನಕ್ಕೆ ಬಂದುಬಿಟ್ಟಿದ್ದೆ. ಶನಿವಾರ ರಾತ್ರಿ ಅವಳು ಬಂದಳು. ಎದೆಹಾಲು ಸೋರಿ ಅಂಗಿ ಒದ್ದೆಯಾಗಿತ್ತು. ಮಾತಾಡುತ್ತಾ ಗೊತ್ತಾಯಿತು, ಅವಳ ಮನೆ ಎರಡು ಗಂಟೆ ದೂರ. ಆ ಕಡೆಗೆ ಬಸ್ಸಿಲ್ಲ. ಕಾರು ಇರುವುದು ಅವಳ ಅತ್ತಿಗೆಗೆ, ಅವಳಿಗೆ ರಜೆ ಸಿಗುವುದು ಶನಿವಾರ ಮಾತ್ರ. ಅವಳ ಊರಿನ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡು ಮುಚ್ಚಿ ವರ್ಷಗಳಾಗಿದ್ದವು. ಹಾಗಾಗಿಯೇ ಹೆರಲು ಅಷ್ಟು ದೂರ ಬಂದಿದ್ದಳು.

‘ಬರುತ್ತಿಲ್ಲ’ ಅಂತ ಬರೆದಿದ್ದೆವು. ‘ಬರಲು ಆಗುತ್ತಿಲ್ಲ’ ಅಂತ ಯಾರೂ ಬರೆದಿರಲಿಲ್ಲ. ಊರಿನ ಪಾತ್ರ ಏನು ಅಂತ ಕೇಳಿದಿರಲ್ಲ ಸಂಶೋಧಕಿ ಅವರೇ, ನನಗೆ ಮೊದಲು ಕಂಡಿದ್ದು ಅಲ್ಲಿ.

ಲೆಕ್ಕದಮೇಷ್ಟ್ರು

ರಾತ್ರಿಪಾಳಿ ಮೇಡಂ ಹೇಳಿದ್ದು ಮನಸ್ಸಿಗೆ ತಟ್ಟಿತು. ಆದರೂ ನನ್ನದು ಲೆಕ್ಕದ ಬುದ್ಧಿ. ಸಂಶೋಧಕಿ ಅವರ 40 ಪಟ್ಟಿನ ಮೇಲೆ ಒಂದೆರಡು ತಕರಾರು.

ಮೊದಲನೆಯದು, ಎನ್‌ಎಎಸ್ ಅಂದರೆ ‘ಚಟದ ತಾಯಂದಿರ ಸಂಖ್ಯೆ’ ಅಲ್ಲ. ಚಟದ ಚಿಕಿತ್ಸೆಗೆ ಅಂತ ಡಾಕ್ಟರ್ ಬರೆದುಕೊಟ್ಟ ಮೆಥಡೋನ್ ಅಥವಾ ಬ್ಯುಪ್ರಿನಾರ್ಫಿನ್ (ಇವೂ ಒಪಿಯಾಯ್ಡ್‌ಗಳೇ) ತೆಗೆದುಕೊಂಡು ಚಿಕಿತ್ಸೆಯಲ್ಲಿರುವ ತಾಯಿಯ ಮಗುವಿಗೂ ಎನ್‌ಎಎಸ್ ಬರಬಹುದು. ಅಂದರೆ ಒಂದು ಊರು ಚಿಕಿತ್ಸೆಯನ್ನು ಚೆನ್ನಾಗಿ ಕೊಡಲು ಶುರು ಮಾಡಿದರೂ ಈ ಅಂಕಿ ಮೇಲಕ್ಕೆ ಹೋಗಬಹುದು!

ಇನ್ನೊಂದು, ಕೇಳಿದರೆ ತಾನೇ ಗೊತ್ತಾಗುವುದು. 2014ರ ಅಂಕಿಗಳನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2018ರಲ್ಲಿ ಪ್ರಕಟಿಸಿತು. ಹೆರಿಗೆಗೆ ಬಂದವರಲ್ಲಿ ಒಪಿಯಾಯ್ಡ್ ಸಮಸ್ಯೆ ಇದೆ ಅಂತ ದಾಖಲಾದವರು 1999ರಲ್ಲಿ 1000ಕ್ಕೆ 1.5 ಇದ್ದದ್ದು 2014ಕ್ಕೆ 6.5 ಆಗಿತ್ತು. ಅಂಕಿ ಸಿಕ್ಕ ರಾಜ್ಯಗಳಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ವರ್ಮಾಂಟ್, 48.6. ರಾಜಧಾನಿ ವಾಷಿಂಗ್ಟನ್ ಡಿಸಿಯಲ್ಲಿ ಬರೀ 0.7. ಹಾಗಂತ ವರ್ಮಾಂಟ್ ಹಾಳಾಗಿದೆ, ಡಿಸಿ ಶುದ್ಧವಾಗಿದೆ ಅಂತಲ್ಲ. ವರ್ಮಾಂಟ್ ಈ ವಿಷಯದಲ್ಲಿ ಮುಂದಿದ್ದ ರಾಜ್ಯ. ಅಲ್ಲಿ ಬಸುರಿಯರನ್ನು ಕೇಳುತ್ತಾರೆ, ಒಪ್ಪಿಕೊಂಡರೆ ಚಿಕಿತ್ಸೆಗೆ ಕಳಿಸಲು ಜಾಗ ಇದೆ. ಕಳಿಸಲು ಜಾಗವೇ ಇಲ್ಲದ ಊರಿನಲ್ಲಿ ಡಾಕ್ಟರ್ ಕೇಳುವುದೂ ಇಲ್ಲ, ಹೆಂಗಸು ಹೇಳುವುದೂ ಇಲ್ಲ.

ಆದ್ದರಿಂದ ಇಂಥ ಅಂಕಿಗಳ ನಕ್ಷೆಯಲ್ಲಿ ಜಾಸ್ತಿ ಅಂತ ಕೆಂಪು ಬಣ್ಣ ಕಂಡ ಕೂಡಲೇ ‘ಕೆಟ್ಟ ಊರು’ ಅಂದುಕೊಳ್ಳಬೇಡಿ. ಬಿಳಿ ಕಂಡ ಕೂಡಲೇ ನೆಮ್ಮದಿಯೂ ಬೇಡ.

ಅರೆಬೆಂದ ಸಂಶೋಧಕಿ

ಮೇಷ್ಟ್ರೇ, ನನ್ನ ಪ್ರಬಂಧದ ಮೊದಲ ಪುಟ ಹರಿದುಹಾಕಿದಿರಿ. ಹಾಗಾದರೆ ಊರಿಗೂ ಇದಕ್ಕೂ ಸಂಬಂಧ ಇಲ್ಲ ಅಂತಲಾ?

ಲೆಕ್ಕದಮೇಷ್ಟ್ರು

ಅಯ್ಯೋ ಹಾಗಂದಿಲ್ಲ. ಇದೆ. ಆದರೆ ರಾಜ್ಯ ಅನ್ನೋದು ತೀರಾ ದೊಡ್ಡ ತಕ್ಕಡಿ. ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ಮಟ್ಟಕ್ಕೆ ಇಳಿಯಿರಿ. 2019ರಲ್ಲಿ ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 8 ರಾಜ್ಯ, 580 ಕೌಂಟಿ, 2009ರಿಂದ 2015ರವರೆಗಿನ ಸುಮಾರು 63 ಲಕ್ಷ ಹೆರಿಗೆ. ಎರಡು ವಿಷಯ ಎದ್ದು ಕಂಡವು. ಒಂದೆರಡು ವರ್ಷ ಅಲ್ಲ, ಹತ್ತು ವರ್ಷದಷ್ಟು ದೀರ್ಘ ಕಾಲ ನಿರುದ್ಯೋಗ ಜಾಸ್ತಿ ಇದ್ದ ಕೌಂಟಿಗಳಲ್ಲಿ ಎನ್‌ಎಎಸ್ ಜಾಸ್ತಿ. ಮಾನಸಿಕ ಆರೋಗ್ಯದ ವೈದ್ಯರು, ಆಪ್ತಸಮಾಲೋಚಕರು ಸಾಕಷ್ಟು ಇಲ್ಲದ ಕೌಂಟಿಗಳಲ್ಲೂ ಜಾಸ್ತಿ.

ನನಗೆ ಇಲ್ಲಿ ‘ದೀರ್ಘ ಕಾಲ’ ಅನ್ನುವುದೇ ಮುಖ್ಯ ಅನಿಸಿತು. ಈ ವರ್ಷ ಒಂದು ಕಾರ್ಖಾನೆ ಮುಚ್ಚಿತು ಅನ್ನೋದು ಬೇರೆ. ಮುಚ್ಚಿದ ಕಾರ್ಖಾನೆಯ ಎದುರೇ ಒಂದು ತಲೆಮಾರು ಬೆಳೆದು ದೊಡ್ಡದಾಯಿತು ಅನ್ನೋದು ಬೇರೆ.

ಹಳ್ಳಿ–ಪಟ್ಟಣದ ಲೆಕ್ಕವೂ ಇದೆ. 2004ರಲ್ಲಿ ಎರಡೂ ಕಡೆ ಎನ್‌ಎಎಸ್ ಹೆಚ್ಚುಕಡಿಮೆ ಒಂದೇ: ಹಳ್ಳಿಗಾಡಿನಲ್ಲಿ 1000ಕ್ಕೆ 1.2, ನಗರದಲ್ಲಿ 1.4. 2013ಕ್ಕೆ ಹಳ್ಳಿಗಾಡು 7.5, ನಗರ 4.8. ಒಂಬತ್ತು ವರ್ಷದಲ್ಲಿ ಹಳ್ಳಿ ನಗರವನ್ನು ಹಿಂದೆ ಹಾಕಿತು.

ನೇರಮಾತು

ಸರಿ, ಬಡತನ, ನಿರುದ್ಯೋಗ. ಆದರೆ ಮೇಷ್ಟ್ರೇ, ಬಡ ಊರುಗಳು ಪ್ರಪಂಚದ ತುಂಬ ಇವೆ. ಎಲ್ಲ ಕಡೆ ಹೀಗಾಗಿಲ್ಲವಲ್ಲ. ಬಡತನವೇ ಕಾರಣ ಆಗಿದ್ದರೆ ಅತಿ ಬಡ ದೇಶಗಳಲ್ಲಿ ಇದು ಅತಿ ಜಾಸ್ತಿ ಇರಬೇಕಿತ್ತು.

ಲೆಕ್ಕದಮೇಷ್ಟ್ರು

ಇದು ಒಳ್ಳೆಯ ಪ್ರಶ್ನೆ. ವ್ಯಂಗ್ಯ ಅಲ್ಲ, ನಿಜವಾಗಿಯೂ. ಒಣಗಿದ ಹುಲ್ಲು ಎಷ್ಟಿದ್ದರೂ ಕಿಡಿ ಬೀಳಬೇಕಲ್ಲ.

ಹಳೇ ಕೆಮಿಸ್ಟ್

ಕಿಡಿಯ ಕತೆ ನಾನು ಹೇಳುತ್ತೇನೆ. ಔಷಧ ಮಾರಾಟದ ಲೈನಿನಲ್ಲಿ ಇದ್ದವನು, ಈಗ ನಿವೃತ್ತ. ಅಮೆರಿಕದ ಈ ಕತೆಯನ್ನು ಹೊಟ್ಟೆ ಉರಿದುಕೊಂಡೇ ಓದಿದ್ದೇನೆ.

ಪರ್ಡ್ಯೂ ಅನ್ನುವ ಔಷಧ ಕಂಪನಿ ಆಕ್ಸಿಕೋಡೋನ್ ಇರುವ ಆಕ್ಸಿಕಾಂಟಿನ್ ಮಾತ್ರೆ ಮಾರುಕಟ್ಟೆಗೆ ತಂದದ್ದು 1996ರಲ್ಲಿ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ, ಚಟದ ಭಯ ಕಡಿಮೆ ಅಂತ ಪ್ರಚಾರ. 2007ರಲ್ಲಿ ಕಂಪನಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು. ಪ್ರಚಾರ ಎಲ್ಲಿ ಮಾಡಿದರು ಅನ್ನೋದು ಮುಖ್ಯ. ಯಾವ ಡಾಕ್ಟರು ಮೊದಲೇ ಜಾಸ್ತಿ ನೋವಿನ ಮಾತ್ರೆ ಬರೆಯುತ್ತಿದ್ದಾರೆ ಅಂತ ಪಟ್ಟಿ ಇಟ್ಟುಕೊಂಡು ಅಲ್ಲಿಗೇ ಪ್ರತಿನಿಧಿಗಳನ್ನು ಕಳಿಸಿದರು. ಜಾಸ್ತಿ ಬರೆಯುತ್ತಿದ್ದದ್ದು ಎಲ್ಲಿ? ಗಣಿಯಲ್ಲಿ, ಮರದ ಮಿಲ್ಲಿನಲ್ಲಿ ಬೆನ್ನು ಮುರಿದುಕೊಂಡ ಜನ ಇರುವ ಕಡೆ. ಅಪಲೇಶಿಯಾ ಬೆಟ್ಟಗಳ ಸಾಲು, ವೆಸ್ಟ್ ವರ್ಜೀನಿಯಾ ಇರುವುದೂ ಅಲ್ಲೇ. ಅಲ್ಲಿ ನೋವೂ ನಿಜ, ಬಡತನವೂ ನಿಜ. ಫಿಸಿಯೋಥೆರಪಿಗೆ ದೂರ ಹೋಗಬೇಕು, ಮಾತ್ರೆ ಮಾತ್ರ ಬೀದಿ ತುದಿಯಲ್ಲೇ ಸಿಗುತ್ತದೆ.

ವೆಸ್ಟ್ ವರ್ಜೀನಿಯಾದಲ್ಲಿ ವಿಲಿಯಮ್ಸನ್ ಅಂತ ಒಂದು ಪುಟ್ಟ ಊರು. ಜನಸಂಖ್ಯೆ ಸುಮಾರು 2900. 2006ರಿಂದ 2016ರವರೆಗೆ ಅಲ್ಲಿನ ಎರಡು ಔಷಧ ಅಂಗಡಿಗೆ ಹೋದ ಒಪಿಯಾಯ್ಡ್ ಮಾತ್ರೆ 2 ಕೋಟಿ 8 ಲಕ್ಷ! ಸಂಸತ್ತಿನ ಸಮಿತಿಯೇ ತೆಗೆದ ಲೆಕ್ಕ ಇದು. ಹಸುಗೂಸು, ಮುದುಕರನ್ನೂ ಸೇರಿಸಿ ಹಂಚಿದರೆ ತಲೆಗೆ 7000ಕ್ಕಿಂತ ಜಾಸ್ತಿ ಬೀಳುತ್ತದೆ. ಅಷ್ಟೂ ಆ ಊರಿನವರೇ ನುಂಗಿದರು ಅಂತಲ್ಲ, ಸುತ್ತಮುತ್ತಲಿನಿಂದ ಬಂದು ಕೊಳ್ಳುತ್ತಿದ್ದರು. ಆದರೆ ಆ ಊರಿನಲ್ಲಿ ಹುಟ್ಟಿ ಬೆಳೆದ ಹುಡುಗಿಯ ಮನೆಯ ಔಷಧದ ಡಬ್ಬಿಯಲ್ಲಿ ಏನಿತ್ತು ಅಂತ ಊಹಿಸಿ. ನೇರಮಾತು ಅವರೇ, ಅವಳು ಬಸುರಿಯಾಗುವ ಮೊದಲೇ ಕತೆಯ ಅರ್ಧ ಮುಗಿದಿತ್ತು.

ನೇರಮಾತು

7000ದ ಲೆಕ್ಕ ಗೊತ್ತಿರಲಿಲ್ಲ. ಒಪ್ಪಿದೆ, ಅದು ಅನ್ಯಾಯ. ಆದರೂ ನನ್ನ ಎರಡನೇ ಪ್ರಶ್ನೆ ಹಾಗೇ ಉಳಿದಿದೆ. ಬಸುರಿ ಅಂತ ಗೊತ್ತಾದ ದಿನ ನಿಲ್ಲಿಸಬಹುದಲ್ಲ? ಸಿಗರೇಟು ಎಷ್ಟೋ ಜನ ಹಾಗೆ ಬಿಡುತ್ತಾರೆ.

ರಾತ್ರಿಪಾಳಿ

ದಯವಿಟ್ಟು ಇದನ್ನು ಓದುವ ಯಾರೂ ಹಾಗೆ ಮಾಡಬೇಡಿ. ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಿದ್ದೇನೆ.

ಒಪಿಯಾಯ್ಡ್ ಅಭ್ಯಾಸವಾದ ಬಸುರಿ ತಾನಾಗಿ ದಿಢೀರನೆ ನಿಲ್ಲಿಸುವುದು ಅಪಾಯ. ತಾಯಿಯ ವಿತ್‌ಡ್ರಾವಲ್, ಅಂದರೆ ನಿಲ್ಲಿಸಿದಾಗ ಆಗುವ ಒದ್ದಾಟ, ಮಗುವಿಗೂ ಕಷ್ಟ ಕೊಡುತ್ತದೆ. ಅದಕ್ಕಿಂತ ದೊಡ್ಡ ಭಯ ಇನ್ನೊಂದು. ನಿಲ್ಲಿಸಿದವರಲ್ಲಿ ಬಹಳ ಜನ ಮತ್ತೆ ಶುರು ಮಾಡುತ್ತಾರೆ. ಅಷ್ಟರಲ್ಲಿ ದೇಹಕ್ಕೆ ತಡೆದುಕೊಳ್ಳುವ ಶಕ್ತಿ ಹೋಗಿರುತ್ತದೆ. ಹಳೆಯ ಡೋಸೇ ಪ್ರಾಣ ತೆಗೆಯಬಹುದು. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ, ಅಮೆರಿಕದ ಪ್ರಸೂತಿ ತಜ್ಞರ ಸಂಘ 2017ರಲ್ಲಿ ಹೇಳಿದ್ದು ಇದನ್ನೇ: ಮೆಥಡೋನ್ ಅಥವಾ ಬ್ಯುಪ್ರಿನಾರ್ಫಿನ್ ಕೊಟ್ಟು ಸ್ಥಿರವಾಗಿ ಇಡಿ. ಬಸುರಿಯರ ಮೇಲೇ ಮಾಡಿದ ಒಂದು ದೊಡ್ಡ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಬ್ಯುಪ್ರಿನಾರ್ಫಿನ್ ತೆಗೆದುಕೊಂಡ ತಾಯಂದಿರ ಮಕ್ಕಳಿಗೆ ಹುಟ್ಟಿದ ಮೇಲೆ ಒದ್ದಾಟ ತಗ್ಗಿಸಲು ಮಾರ್ಫಿನ್ ಬೇಕಾದದ್ದು ಮೆಥಡೋನ್ ಗುಂಪಿಗಿಂತ 100ಕ್ಕೆ 89ರಷ್ಟು ಕಡಿಮೆ. ಆದರೆ ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟವರು ಬ್ಯುಪ್ರಿನಾರ್ಫಿನ್ ಗುಂಪಿನಲ್ಲೇ ಜಾಸ್ತಿ. ಹಾಗಾಗಿ ಯಾರಿಗೆ ಯಾವುದು ಅಂತ ಡಾಕ್ಟರೇ ನೋಡಿ ಹೇಳಬೇಕು.

ಅಂದರೆ ‘ಬಿಡು’ ಅನ್ನುವುದು ಔಷಧವಲ್ಲ. ಔಷಧ ಇದೆ. ಅದು ಅವಳ ಊರಿನಲ್ಲಿ ಸಿಗುತ್ತದೆಯೇ ಅನ್ನೋದೇ ಪ್ರಶ್ನೆ. ಮೆಥಡೋನ್ ಆದರೆ ಎಷ್ಟೋ ಕಡೆ ಶುರುವಿನಲ್ಲಿ ಹೆಚ್ಚುಕಡಿಮೆ ದಿನಾ ಕ್ಲಿನಿಕ್ಕಿಗೆ ಹೋಗಿ ಅವರ ಎದುರೇ ಕುಡಿಯಬೇಕು. ದಿನಾ! ಕ್ಲಿನಿಕ್ ಒಂದೂವರೆ ಗಂಟೆ ದೂರ ಇದ್ದರೆ? ಬೆನ್ನಿಗೆ ಎರಡು ವರ್ಷದ ಮಗು ಬೇರೆ ಇದ್ದರೆ? ಬ್ಯುಪ್ರಿನಾರ್ಫಿನ್ ಮನೆಗೆ ಕೊಡುತ್ತಾರೆ, ನಿಜ. ಆದರೆ ಅದನ್ನು ಬರೆಯಲು ಡಾಕ್ಟರುಗಳಿಗೆ ಪ್ರತ್ಯೇಕ ಅನುಮತಿ ಬೇಕಿತ್ತು. ಆ ನಿಯಮ ತೆಗೆದುಹಾಕಿದ್ದು 2022ರ ಡಿಸೆಂಬರಿನ ಕಾನೂನಿನಲ್ಲಿ.

ಲೆಕ್ಕದಮೇಷ್ಟ್ರು

ಇದಕ್ಕೆ ಪುರಾವೆಯೂ ಇದೆ. ಹತ್ತು ರಾಜ್ಯಗಳಲ್ಲಿ ಸಂಶೋಧಕರ ಕಡೆಯವರು ರೋಗಿಗಳ ಹಾಗೆ ಫೋನ್ ಮಾಡಿ ಬ್ಯುಪ್ರಿನಾರ್ಫಿನ್ ಬರೆಯುವ ಡಾಕ್ಟರುಗಳ ಬಳಿ ಅಪಾಯಿಂಟ್‌ಮೆಂಟ್ ಕೇಳಿದರು. ಬಸುರಿ ಅಲ್ಲ ಅಂದವರಲ್ಲಿ 100ಕ್ಕೆ 74 ಜನರಿಗೆ ಸಿಕ್ಕಿತು. ಬಸುರಿ ಅಂದವರಿಗೆ 61. ತಿರುಗಾಮುರುಗಾ ಆಗಬೇಕಿತ್ತಲ್ವಾ? 2020ರಲ್ಲಿ ಪ್ರಕಟವಾದ ಅಧ್ಯಯನ ಇದು.

ಕಂಬಳಿಹುಳ

ಪಾಪ್‌ಕಾರ್ನ್ ಪಕ್ಕಕ್ಕಿಟ್ಟೆ. ಒಂದು ಪೆದ್ದು ಪ್ರಶ್ನೆ. ಇಂಥವರನ್ನು ಹಿಡಿದು ಜೈಲಿಗೆ ಹಾಕಿದರೆ ಕನಿಷ್ಠ ಒಂಬತ್ತು ತಿಂಗಳು ಮಗು ಸೇಫ್ ಅಲ್ವಾ? ನನ್ನ ಅಭಿಪ್ರಾಯ ಅಲ್ಲ, ಜನ ಹೀಗೆ ಹೇಳುವುದನ್ನು ಕೇಳಿದ್ದೇನೆ.

ಕಪ್ಪುಕೋಟು

ಪೆದ್ದು ಪ್ರಶ್ನೆಯೇನಲ್ಲ, ಟೆನೆಸ್ಸಿ ರಾಜ್ಯ ಇದನ್ನು ಮಾಡಿಯೇ ನೋಡಿತು. ಬಸುರಿಯಾಗಿದ್ದಾಗ ಅಕ್ರಮವಾಗಿ ಮಾದಕ ವಸ್ತು ತೆಗೆದುಕೊಂಡು ಮಗುವಿಗೆ ಹಾನಿಯಾದರೆ ತಾಯಿಯ ಮೇಲೆ ಹಲ್ಲೆ ಕೇಸು. 2014ರ ಜುಲೈನಲ್ಲಿ ಜಾರಿ, 2016ರ ಜುಲೈನಲ್ಲಿ ಅವಧಿ ಮುಗಿಯಿತು, ಮುಂದುವರಿಸಲಿಲ್ಲ. ಚಿಕಿತ್ಸೆ ಪೂರ್ತಿ ಮಾಡಿದರೆ ಕೇಸಿನಿಂದ ಪಾರಾಗಬಹುದು ಅಂತ ಕಾನೂನಿನಲ್ಲೇ ಇತ್ತು. ಕೇಳಲು ಚೆನ್ನಾಗಿದೆ. ಆದರೆ ಬಸುರಿಯರನ್ನು ಸೇರಿಸಿಕೊಳ್ಳುವ ಚಿಕಿತ್ಸಾ ಕೇಂದ್ರಗಳು ಎಷ್ಟು ಕಡೆ ಇದ್ದವು? ಹತ್ತಿರ ಕೇಂದ್ರ ಇದ್ದವಳಿಗೆ ಚಿಕಿತ್ಸೆ, ಇಲ್ಲದವಳಿಗೆ ಕೇಸು ಅಂದಹಾಗಾಯಿತು.

ಇನ್ನು ಫಲಿತಾಂಶ. ಎಂಟು ರಾಜ್ಯಗಳ ಸುಮಾರು 46 ಲಕ್ಷ ಹೆರಿಗೆ ನೋಡಿದ 2019ರ ಅಧ್ಯಯನದಲ್ಲಿ, ಶಿಕ್ಷೆಯ ಕಾನೂನು ತಂದ ಕಡೆ ಎನ್‌ಎಎಸ್ ಇಳಿದಿರಲಿಲ್ಲ. ಜಾಸ್ತಿಯೇ ಇತ್ತು. ಕಾರಣ ಊಹಿಸುವುದು ಕಷ್ಟವಲ್ಲ. ಜೈಲಿನ ಭಯ ಇದ್ದವಳು ಡಾಕ್ಟರ ಹತ್ತಿರ ಹೋಗುವುದನ್ನೇ ಬಿಡುತ್ತಾಳೆ.

ಯಾರ ಮೇಲೆ ದೂರು ಹೋಗುತ್ತದೆ ಅನ್ನೋದರಲ್ಲೂ ಬೀದಿ ಬೀದಿಗೆ ವ್ಯತ್ಯಾಸ. ಫ್ಲೋರಿಡಾದ ಪಿನೆಲಸ್ ಕೌಂಟಿಯಲ್ಲಿ ನಡೆದ ಅಧ್ಯಯನ, 1990ರದ್ದು, ಹಳೆಯದು, ಆದರೂ ಮರೆಯಲು ಆಗುವುದಿಲ್ಲ. ಬಸುರಿಯರ ಮೂತ್ರ ಪರೀಕ್ಷೆ ಮಾಡಿದರೆ ಕಪ್ಪು ಹೆಂಗಸರಲ್ಲೂ ಬಿಳಿ ಹೆಂಗಸರಲ್ಲೂ ಮಾದಕ ವಸ್ತುವಿನ ಬಳಕೆ ಹೆಚ್ಚುಕಡಿಮೆ ಒಂದೇ. ಅಧಿಕಾರಿಗಳಿಗೆ ದೂರು ಹೋಗಿದ್ದು ಮಾತ್ರ ಕಪ್ಪು ಹೆಂಗಸರ ಮೇಲೆ ಸುಮಾರು 10 ಪಟ್ಟು ಜಾಸ್ತಿ.

ನೇರಮಾತು

ಜೈಲಿಗೆ ಹಾಕಿ ಅಂತ ನಾನು ಹೇಳಿಲ್ಲ. ಸುಮ್ನೆ ದಾಖಲೆಗೆ.

ಕಪ್ಪುಕೋಟು

ಹೇಳಿಲ್ಲ ಸರ್, ಒಪ್ಪಿದೆ. ದಾಖಲಾಯಿತು.

ಮೊದಲಬಾರಿ

ನಮಸ್ಕಾರ. ಇಲ್ಲಿ ಯಾವತ್ತೂ ಬರೆದವಳಲ್ಲ, ಓದುವುದಷ್ಟೇ. ಈ ಚರ್ಚೆ ನೋಡಿ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ.

ನನ್ನ ಚಿಕ್ಕಮ್ಮನ ಮಗಳು ಅಮೆರಿಕದ ಒಂದು ಸಣ್ಣ ಊರಿನಲ್ಲಿದ್ದಾಳೆ. ಬೆನ್ನಿನ ಆಪರೇಷನ್ ಆದಮೇಲೆ ನೋವಿಗೆ ಅಂತ ಕೊಟ್ಟ ಮಾತ್ರೆ ಎರಡು ವರ್ಷದಿಂದ ನಡೆಯುತ್ತಿದೆ. ಈಗ ಬಸುರಿ, ಐದು ತಿಂಗಳು. ಮಾತ್ರೆ ಒಂದು ಹೊತ್ತು ತಪ್ಪಿದರೆ ಬೆವರು, ನಡುಕ ಬರುತ್ತದೆಯಂತೆ. ಗಂಡನಿಗೆ ಬಿಟ್ಟರೆ ಗೊತ್ತಿರುವುದು ನನಗೊಬ್ಬಳಿಗೆ. ಡಾಕ್ಟರಿಗೆ ಹೇಳಿದರೆ ಮಗುವನ್ನು ಕಿತ್ತುಕೊಳ್ಳುತ್ತಾರೆ ಅಂತ ಹೆದರಿ ತಾನೇ ದಿನಕ್ಕಿಷ್ಟು ಅಂತ ಕಡಿಮೆ ಮಾಡುತ್ತಿದ್ದಾಳೆ. ಅವಳು ಚಟದವಳಲ್ಲ. ಅಥವಾ ಹೌದೋ? ನನಗೆ ಗೊತ್ತಾಗುತ್ತಿಲ್ಲ.

ರಾತ್ರಿಪಾಳಿ

ಬರೆದಿದ್ದು ಒಳ್ಳೆಯದಾಯಿತು ತಂಗಿ.

ಮೊದಲು ಒಂದು ವಿಷಯ. ದೇಹ ಒಗ್ಗಿಹೋಗುವುದು ಬೇರೆ, ಚಟ ಬೇರೆ. ದಿನಾ ಎರಡು ವರ್ಷ ತಗೊಂಡರೆ ಯಾರ ದೇಹಕ್ಕಾದರೂ ಒಗ್ಗುತ್ತದೆ. ಅದು ಚಟವೂ ಆಗಿದೆಯೇ ಅಂತ ನೋಡಿ ಹೇಳಬೇಕಾದವರು ಡಾಕ್ಟರು, ನಾವಲ್ಲ. ಎರಡರಲ್ಲಿ ಯಾವುದಾದರೂ ಸದ್ಯಕ್ಕೆ ಮಾಡಬೇಕಾದದ್ದು ಒಂದೇ: ತಾನಾಗಿ ಕಡಿಮೆ ಮಾಡುವುದು ನಿಲ್ಲಲಿ, ಹೆರಿಗೆ ಡಾಕ್ಟರಿಗೆ ನಿಜ ಹೇಳಲಿ. ಆದಷ್ಟು ಬೇಗ.

ಮಗುವನ್ನು ಕಿತ್ತುಕೊಳ್ಳುವ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ರಾಜ್ಯದಿಂದ ರಾಜ್ಯಕ್ಕೆ ಕಾನೂನು ಬೇರೆ. ಆದರೆ ನಾನು ಕಂಡ ಹಾಗೆ, ಮೊದಲೇ ಹೇಳಿ ಚಿಕಿತ್ಸೆಯಲ್ಲಿದ್ದವರ ಕಡೆಗೆ ಎಲ್ಲರೂ ಒಲಿಯುತ್ತಿದ್ದರು. ಹೆರಿಗೆಯ ದಿನ ಗೊತ್ತಾದರೆ ವಾತಾವರಣವೇ ಬೇರೆ. ಫೆಡರಲ್, ಅಂದರೆ ಇಡೀ ದೇಶದ ಕಾನೂನಿನ ಪ್ರಕಾರ ಇಂಥ ಮಗುವಿಗೆ ‘ಪ್ಲಾನ್ ಆಫ್ ಸೇಫ್ ಕೇರ್’ ಅಂತ ಒಂದು ಯೋಜನೆ ಬರೆಯಬೇಕು. 2016ರಿಂದ ಅದರಲ್ಲಿ ತಾಯಿಯ ಚಿಕಿತ್ಸೆಯೂ ಸೇರುತ್ತದೆ. ಹೆರಿಗೆಗೆ ಮೊದಲೇ ಅದನ್ನು ಶುರು ಮಾಡಬಹುದಾ ಅಂತ ಅವಳು ಕೇಳಲಿ.

ಕಪ್ಪುಕೋಟು

ಒಂದು ಸೇರಿಸುತ್ತೇನೆ. ಅವಳ ರಾಜ್ಯದ ನಿಯಮ ತಿಳಿಯಲು ಅಲ್ಲಿನ ಉಚಿತ ಕಾನೂನು ನೆರವಿನವರಿಗೆ ಒಂದು ಫೋನ್ ಮಾಡಲಿ. ಹೆಸರು ಹೇಳದೆಯೂ ಕೇಳಬಹುದು. ಆದರೆ ಡಾಕ್ಟರನ್ನು ನೋಡುವುದನ್ನು ಅದಕ್ಕಾಗಿ ಮುಂದೂಡಬೇಡಿ.

ಅರೆಬೆಂದ ಸಂಶೋಧಕಿ

ಮೊದಲಬಾರಿ ಅವರೇ, ನಿಮ್ಮ ಅಕ್ಕನಿಗೆ ಒಳ್ಳೆಯದಾಗಲಿ. ನಾನು ಇದನ್ನೆಲ್ಲ ಅಂಕಿ ಅಂತ ನೋಡುತ್ತಿದ್ದೆ. ಸ್ವಲ್ಪ ನಾಚಿಕೆ ಆಯಿತು.

ರಾತ್ರಿಪಾಳಿ ಮೇಡಂ, ಆ ಶನಿವಾರದ ತಾಯಿಯ ವಿಷಯಕ್ಕೆ ಮತ್ತೆ ಬರುತ್ತೇನೆ. ಅವಳು ದಿನಾ ಬಂದಿದ್ದರೆ ಮಗುವಿಗೆ ಏನಾದರೂ ವ್ಯತ್ಯಾಸ ಆಗುತ್ತಿತ್ತಾ? ಅಥವಾ ಅವಳ ಮನಸ್ಸಿನ ಸಮಾಧಾನಕ್ಕಷ್ಟೇನಾ?

ರಾತ್ರಿಪಾಳಿ

ತುಂಬಾ ವ್ಯತ್ಯಾಸ ಆಗುತ್ತಿತ್ತು. ನನಗೆ ಇವತ್ತಿಗೂ ಚುಚ್ಚುವುದು ಅದೇ.

ನಾವು ಆಗ ಫಿನೆಗನ್ ಅಂಕಪಟ್ಟಿ ಬಳಸುತ್ತಿದ್ದೆವು. ಲೊರೆಟಾ ಫಿನೆಗನ್ ಅನ್ನುವ ವೈದ್ಯೆ 1970ರ ದಶಕದಲ್ಲಿ ಮಾಡಿದ್ದು. ಮೂರು ನಾಲ್ಕು ಗಂಟೆಗೊಮ್ಮೆ ಮಗು ಎಷ್ಟು ಸೀನಿತು, ಎಷ್ಟು ನಡುಗಿತು, ಎಷ್ಟು ಅತ್ತಿತು ಅಂತ ಅಂಕ ಹಾಕುವುದು. ಅಂಕ ಜಾಸ್ತಿಯಾದರೆ ಬಾಯಿಗೆ ಮಾರ್ಫಿನ್ ಹನಿ. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆಯೇ. ಆದರೆ ಐಸಿಯು ಅಂದರೆ ಬೆಳಕು, ಬೀಪ್ ಬೀಪ್ ಸದ್ದು, ಹತ್ತು ಮಕ್ಕಳಿಗೆ ಮೂರೋ ನಾಲ್ಕೋ ಜನ ನಾವು. ಅಂಥ ಜಾಗದಲ್ಲಿ ಯಾವ ಮಗು ಅಳದೆ ಇರುತ್ತದೆ?

ಆಮೇಲೆ ಯೇಲ್ ವಿಶ್ವವಿದ್ಯಾಲಯದ ಕಡೆಯ ವೈದ್ಯರು ಬೇರೆ ರೀತಿ ನೋಡಿದರು. ಮಗು ಹಾಲು ಕುಡಿಯುತ್ತಿದೆಯಾ, ಒಂದು ಗಂಟೆ ನಿದ್ದೆ ಮಾಡುತ್ತಿದೆಯಾ, ಎತ್ತಿಕೊಂಡರೆ ಹತ್ತು ನಿಮಿಷದಲ್ಲಿ ಸಮಾಧಾನ ಆಗುತ್ತದೆಯಾ? ಇಷ್ಟೇ. ಇಷ್ಟು ಆಗುತ್ತಿದ್ದರೆ ಸೀನು ಎಣಿಸಬೇಕಿಲ್ಲ. ಮೊದಲ ಔಷಧ ಕತ್ತಲ ಕೋಣೆ, ಎದೆಹಾಲು, ತಾಯಿಯ ಮಡಿಲು. ಚಿಕಿತ್ಸೆಯಲ್ಲಿ ಸ್ಥಿರವಾಗಿರುವ ತಾಯಿ ಸಾಮಾನ್ಯವಾಗಿ ಹಾಲೂಡಿಸಬಹುದು. 26 ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದರು. ಹಳೆಯ ಪದ್ಧತಿಯಲ್ಲಿ ಮಗು ಮನೆಗೆ ಹೋಗಲು ತಯಾರಾಗಲು ಸರಾಸರಿ 14.9 ದಿನ, ಹೊಸದರಲ್ಲಿ 8.2. ಔಷಧ ಬೇಕಾದ ಮಕ್ಕಳು ಹಳೆಯದರಲ್ಲಿ 100ಕ್ಕೆ 52, ಹೊಸದರಲ್ಲಿ 20ಕ್ಕೂ ಕಡಿಮೆ.

ಈಗ ಯೋಚಿಸಿ. ಮಡಿಲೇ ಔಷಧ ಆದರೆ, ಎರಡು ಗಂಟೆ ದೂರದ ಊರಿನಲ್ಲಿ ಬಸ್ಸಿಲ್ಲದೆ ಕೂತ ತಾಯಿಯ ಮಗುವಿಗೆ ಆ ಔಷಧ ಸಿಗುವುದಿಲ್ಲ. ಅದಕ್ಕೆ ಮಾರ್ಫಿನ್ ಸಿಗುತ್ತದೆ. ಮಾತ್ರೆ ಆ ಊರಿನವರೆಗೆ ಹೋಯಿತು, ಬಸ್ಸು ಹೋಗಲಿಲ್ಲ.

ಹಳೇ ಕೆಮಿಸ್ಟ್

ಕೊನೆಯ ಸಾಲು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನೇರಮಾತು

ನಾನೂ. ಮೇಡಂ, ಒಂದು ಪ್ರಶ್ನೆ, ಈ ಸಲ ವಾದಕ್ಕಲ್ಲ. ಹೆರಿಗೆ ಆಯಿತು, ಮಗು ಹುಷಾರಾಯಿತು, ಮನೆಗೆ ಹೋದರು. ಅಲ್ಲಿಗೆ ಅಪಾಯ ಮುಗಿಯಿತಲ್ಲ?

ಲೆಕ್ಕದಮೇಷ್ಟ್ರು

ಇಲ್ಲ. ನಿಜವಾದ ಅಪಾಯ ಆಗ ಶುರು. ಮ್ಯಾಸಚೂಸೆಟ್ಸ್‌ನಲ್ಲಿ 4154 ಹೆಂಗಸರ ದಾಖಲೆ ನೋಡಿದ ಅಧ್ಯಯನ ಇದೆ, 2018ರದ್ದು. ಓವರ್‌ಡೋಸ್ ಎಲ್ಲಕ್ಕಿಂತ ಕಡಿಮೆ ಇದ್ದದ್ದು ಬಸಿರಿನ ಕೊನೆಯ ಮೂರು ತಿಂಗಳಲ್ಲಿ. ಎಲ್ಲಕ್ಕಿಂತ ಜಾಸ್ತಿ ಹೆರಿಗೆಯಾದ ಏಳರಿಂದ ಹನ್ನೆರಡನೇ ತಿಂಗಳಲ್ಲಿ. ಮೂರೂವರೆ ಪಟ್ಟಿಗೂ ಜಾಸ್ತಿ.

ಬಸುರಿಯಾಗಿದ್ದಾಗ ಎಲ್ಲರ ಕಣ್ಣೂ ಅವಳ ಮೇಲೆ. ಹೆತ್ತ ಮೇಲೆ ಎಲ್ಲರ ಕಣ್ಣೂ ಮಗುವಿನ ಮೇಲೆ. ಎನ್‌ಎಎಸ್ ಮಕ್ಕಳಲ್ಲಿ 100ಕ್ಕೆ 80ಕ್ಕೂ ಹೆಚ್ಚು ಮಕ್ಕಳ ಆಸ್ಪತ್ರೆ ಖರ್ಚು ಕೊಡುವುದು ಮೆಡಿಕೇಡ್, ಬಡವರ ಸರ್ಕಾರಿ ವಿಮೆ. ಬಸಿರಿನ ಕಾರಣಕ್ಕೆ ಸಿಗುತ್ತಿದ್ದ ಮೆಡಿಕೇಡ್ ಬಹಳ ಕಾಲ ಹೆರಿಗೆಯಾದ 60 ದಿನಕ್ಕೆ ಮುಗಿಯುತ್ತಿತ್ತು. ಎರಡು ತಿಂಗಳಿಗೆ ವಿಮೆ ಹೋಯಿತು, ಏಳನೇ ತಿಂಗಳಿಗೆ ಓವರ್‌ಡೋಸ್. ಅದೊಂದೇ ಕಾರಣ ಅಂತ ಹೇಳಲಾರೆ, ಆದರೆ ಕ್ಯಾಲೆಂಡರ್ ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ. 2021ರ ಒಂದು ಕಾನೂನಿನಿಂದ ರಾಜ್ಯಗಳು ಇದನ್ನು 12 ತಿಂಗಳಿಗೆ ವಿಸ್ತರಿಸಬಹುದು ಅಂತಾಯಿತು. ಈಗ ಹೆಚ್ಚಿನ ರಾಜ್ಯಗಳು ವಿಸ್ತರಿಸಿವೆ.

ಅರೆಬೆಂದ ಸಂಶೋಧಕಿ

ಬರೀ ಬೇಸರದ್ದೇ ಆಯಿತು. ಸರಿಯಾಗಿ ಮಾಡಿದ ಊರು ಒಂದಾದರೂ ಇದೆಯಾ?

ಹಳೇ ಕೆಮಿಸ್ಟ್

ಕೆನಡಾದ ವ್ಯಾಂಕೂವರ್ ನೋಡಿ. ಅಲ್ಲಿನ ಡೌನ್‌ಟೌನ್ ಈಸ್ಟ್‌ಸೈಡ್ ಅಂದರೆ ಬಡತನ, ಹೆರಾಯಿನ್ ಎರಡಕ್ಕೂ ಹೆಸರಾದ ಬಡಾವಣೆ. 1993ರಲ್ಲಿ ಅಲ್ಲೇ ಶೀವೇ ಅನ್ನುವ ಕೇಂದ್ರ ಶುರುವಾಯಿತು. ಊರಾಚೆ ಅಲ್ಲ, ಆ ಬೀದಿಗಳ ನಡುವೆಯೇ. ಬಸುರಿ ಹೆಂಗಸು ಒಳಗೆ ಬಂದರೆ ಬಿಸಿ ಊಟ, ಮನೆ ಹುಡುಕಲು ಸಹಾಯ, ಹೆರಿಗೆ ತಪಾಸಣೆ, ಮೆಥಡೋನ್, ಎಲ್ಲ ಒಂದೇ ಸೂರಿನಡಿ. ಮೊದಲು ಬಿಟ್ಟು ಬಾ, ಆಮೇಲೆ ಊಟ ಅಂತ ಇಲ್ಲ. ಆಮೇಲೆ 2003ರಲ್ಲಿ ಅಲ್ಲಿನ ಹೆಂಗಸರ ಆಸ್ಪತ್ರೆಯಲ್ಲಿ ಫರ್ ಸ್ಕ್ವೇರ್ ಅನ್ನುವ ವಾರ್ಡು ತೆರೆದರು. ತಾಯಿ ಮಗು ಒಂದೇ ಕೋಣೆಯಲ್ಲಿ.

ವೆಸ್ಟ್ ವರ್ಜೀನಿಯಾದ ಹಂಟಿಂಗ್‌ಟನ್‌ನಲ್ಲೂ ಇದೆ. ಈ ಮಕ್ಕಳಿಗಾಗಿಯೇ 2014ರಲ್ಲಿ ಲಿಲೀಸ್ ಪ್ಲೇಸ್ ತೆರೆದರು. ಐಸಿಯು ಥರ ಅಲ್ಲ, ಮನೆಯ ಥರ.

ಲೆಕ್ಕದಮೇಷ್ಟ್ರು

ವರ್ಮಾಂಟನ್ನು ಮರೆಯಬೇಡಿ. ನಕ್ಷೆಯಲ್ಲಿ ಕಡುಕೆಂಪು, ನೆನಪಿದೆಯಲ್ಲ? ದೊಡ್ಡ ಊರುಗಳಲ್ಲಿ ಚಿಕಿತ್ಸೆಯ ದೊಡ್ಡ ಕೇಂದ್ರ, ಸುತ್ತಲಿನ ಸಣ್ಣ ಊರುಗಳಲ್ಲಿ ಮಾಮೂಲಿ ಡಾಕ್ಟರುಗಳು. ಗಾಡಿ ಚಕ್ರದ ನಡುವಿನ ಗುಂಬ, ಅದರಿಂದ ಸುತ್ತಲೂ ಹೋಗುವ ಕಡ್ಡಿಗಳು ಇದ್ದಹಾಗೆ. ಸ್ಥಿರವಾದವರು ಮನೆ ಹತ್ತಿರದ ಡಾಕ್ಟರ ಬಳಿಯೇ ಮುಂದುವರಿಯಬಹುದು.

ಅರೆಬೆಂದ ಸಂಶೋಧಕಿ

ಪ್ರಬಂಧದ ತಲೆಬರಹ ಬದಲಾಯಿಸಿದೆ. ಮೊದಲು ‘ಎನ್‌ಎಎಸ್ ಜಾಸ್ತಿ ಇರುವ ಊರುಗಳು’ ಅಂತಿತ್ತು. ಈಗ ‘ಚಿಕಿತ್ಸೆ ಎಷ್ಟು ದೂರ’. ಗೈಡ್ ಒಪ್ಪುತ್ತಾರೋ ಇಲ್ಲವೋ. ಮೇಷ್ಟ್ರೇ, ಕೌಂಟಿಯಿಂದ ಕ್ಲಿನಿಕ್ಕಿಗೆ ದೂರ ಅಳೆಯುವಾಗ ಕಿಲೋಮೀಟರ್ ತಗೊಳ್ಳಲಾ, ಪ್ರಯಾಣದ ಸಮಯ ತಗೊಳ್ಳಲಾ?

ಲೆಕ್ಕದಮೇಷ್ಟ್ರು

ಸಮಯ. ಬೆಟ್ಟದ ರಸ್ತೆಯಲ್ಲಿ ಕಿಲೋಮೀಟರ್ ಸುಳ್ಳು ಹೇಳುತ್ತದೆ. ಕಾರಿಲ್ಲದ ಮನೆಗಳ ಲೆಕ್ಕವನ್ನೂ ಸೇರಿಸಿ.

ಮೊದಲಬಾರಿ

ಎಲ್ಲರಿಗೂ ತಿಳಿಸಬೇಕು ಅನಿಸಿತು. ಅಕ್ಕ ಡಾಕ್ಟರಿಗೆ ಹೇಳಿದಳು. ಬೈಯಲಿಲ್ಲವಂತೆ. ತಾನಾಗಿ ಕಡಿಮೆ ಮಾಡುವುದು ಬೇಡ ಅಂದರಂತೆ. ಒಂದು ಕ್ಲಿನಿಕ್ಕಿಗೆ ಚೀಟಿ ಕೊಟ್ಟಿದ್ದಾರೆ, ಮನೆಯಿಂದ 70 ಮೈಲಿ. ಭಾವ ಕರೆದುಕೊಂಡು ಹೋಗುತ್ತಾರೆ. ಆದರೆ ದೊಡ್ಡ ಮಗುವಿಗೆ ಮೂರು ವರ್ಷ, ಬಿಟ್ಟುಹೋಗಲು ಅಲ್ಲಿ ಯಾರೂ ಇಲ್ಲ. ಅದೇ ಚಿಂತೆ ಹಚ್ಚಿಕೊಂಡು ಕೂತಿದ್ದಾಳೆ.

ರಾತ್ರಿಪಾಳಿ

ಸಣ್ಣ ಚಿಂತೆ ಅಲ್ಲ ಅದು. ಎಷ್ಟೋ ಜನ ಅದೇ ಕಾರಣಕ್ಕೆ ಎರಡನೇ ಸಲ ಹೋಗುವುದಿಲ್ಲ. ಹೋಗುವ ಮೊದಲು ಫೋನ್ ಮಾಡಿ ಮೂರು ವಿಷಯ ಕೇಳಲಿ. ಮಗುವನ್ನು ಕರೆದುಕೊಂಡು ಬರಬಹುದಾ? ಮೊದಲ ಭೇಟಿ ಆದಮೇಲೆ ಕೆಲವು ಭೇಟಿ ವಿಡಿಯೋ ಕರೆಯಲ್ಲಿ ಆಗುತ್ತದಾ? ಮನೆಗೆ ಎಷ್ಟು ದಿನದ ಔಷಧ ಕೊಡುತ್ತಾರೆ? ಮೆಡಿಕೇಡ್ ಇದ್ದರೆ ಗಾಡಿ ಖರ್ಚನ್ನೂ ಕೇಳಲಿ, ವೈದ್ಯರ ಬಳಿ ಹೋಗಿಬರುವ ಪ್ರಯಾಣಕ್ಕೆ ಅದರಲ್ಲಿ ಸೌಲಭ್ಯ ಇದೆ.

ಮೊದಲಬಾರಿ

ಬರೆದುಕೊಂಡೆ ಅಕ್ಕ. ಅಲ್ಲಿ ಈಗ ಮಧ್ಯರಾತ್ರಿ. ಬೆಳಗಾದ ಕೂಡಲೇ ಫೋನ್ ಮಾಡುತ್ತೇನೆ.